ಚರ್ಮದ ಸೋಫಾವೋ, ಬಟ್ಟೆಯ ಸೋಫಾವೋ? ಚೆನ್ನೈ ಮನೆಗೊಂದು ಲೆಕ್ಕಾಚಾರ

ನಮ್ಮ ಕಡೆ ಆಷಾಢ ಬಂತೆಂದರೆ ಮನೆಗೆ ಹೊಸ ವಸ್ತು ತರಲು ಹಿರಿಯರು ಒಪ್ಪುವುದಿಲ್ಲ. ಚೆನ್ನೈನಲ್ಲಿ ಇದಕ್ಕೆ ತದ್ವಿರುದ್ಧ. ಆಡಿ ಮಾಸ ಕಾಲಿಟ್ಟೊಡನೆ ‘ಆಡಿ ತಳ್ಳುಬಡಿ’ಯ ಫಲಕಗಳು ಬೀದಿ ಬೀದಿಯಲ್ಲೂ ತಲೆ ಎತ್ತುತ್ತವೆ. ಸೀರೆ, ಪಾತ್ರೆಗಳ ಮಾತಾಗಿದ್ದ ಈ ರಿಯಾಯಿತಿ ಮಾರಾಟ ಇಂದು ಸೋಫಾ ಅಂಗಡಿಗಳಿಗೂ ಬಂದಿದೆ. ಹಾಗಾಗಿ ಸಂಘದ ಕಾರ್ಯಕ್ರಮ ಮುಗಿದು ಊಟದ ಪಂಕ್ತಿಯಲ್ಲಿ ಕುಳಿತಾಗ ಪಕ್ಕದವರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ಚರ್ಮದ ಸೋಫಾ ಒಳ್ಳೆಯದೋ, ಬಟ್ಟೆಯದೋ?

ಬ್ಯಾಂಕಿನ ಗುಮಾಸ್ತನಿಗೆ ಸೋಫಾ ವಿಷಯದಲ್ಲಿ ಏನು ಅಧಿಕಾರ ಎಂದು ನೀವು ಕೇಳಬಹುದು. ಗೃಹಸಾಲ ಪಡೆದು, ಫ್ಲಾಟ್ ಕೊಂಡು, ಗೃಹಪ್ರವೇಶವನ್ನೂ ಮುಗಿಸಿದವರು ಎರಡೇ ತಿಂಗಳಲ್ಲಿ ಇನ್ನೊಂದು ಸಣ್ಣ ಸಾಲಕ್ಕಾಗಿ ನಮ್ಮ ಕೌಂಟರ್ ಮುಂದೆ ನಿಲ್ಲುವುದನ್ನು ಬಹಳ ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಏನಕ್ಕೆ ಸಾರ್ ಎಂದು ಕೇಳಿದರೆ ಹಾಲ್‌ಗೆ ಸೋಫಾ, ಕಿಟಕಿಗೆ ಪರದೆ. ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಿರಿಯರೂ ಮಕ್ಕಳೂ ಒಟ್ಟಿಗೆ ಇರುವ ಚೆನ್ನೈ ಮನೆಗೆ ಮರದ ಚೌಕಟ್ಟು, ಅದರ ಮೇಲೆ ಕವರ್ ಬಿಚ್ಚಿ ಒಗೆಯಬಹುದಾದ ಬಟ್ಟೆಯ ದಿಂಬು, ಇಷ್ಟೇ ಸಾಕು. ಚರ್ಮ ಕೆಟ್ಟ ವಸ್ತುವೆಂದು ಇದರ ಅರ್ಥವಲ್ಲ. ಅದಕ್ಕೆ ಬೇಕಾದ ಮನೆ ನಮ್ಮಲ್ಲಿ ಹೆಚ್ಚಿನವರದಲ್ಲ, ಅಷ್ಟೆ.

ಹಾಗೆ ನೋಡಿದರೆ ಚೆನ್ನೈ ಚರ್ಮದ ಊರು. ಅಡಯಾರಿನಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 1948ರಷ್ಟು ಹಳೆಯದು. ಸೆಂಟ್ರಲ್ ನಿಲ್ದಾಣಕ್ಕೆ ಸಮೀಪದ ಪೆರಿಯಮೇಡಿನಲ್ಲಿ ಚರ್ಮದ ಸಗಟು ವ್ಯಾಪಾರ ತಲೆಮಾರುಗಳಿಂದ ನಡೆದಿದೆ. ನಮ್ಮಲ್ಲಿ ಅನೇಕರು ವಾಸವಿರುವ ಕ್ರೋಮ್‌ಪೇಟೆಗೆ ಆ ಹೆಸರು ಬಂದದ್ದೇ ಕ್ರೋಮ್ ಲವಣದಿಂದ ಚರ್ಮ ಹದಮಾಡುತ್ತಿದ್ದ ಕಾರ್ಖಾನೆಯಿಂದ. ಅದಕ್ಕೂ ಮುಂಚೆ ಈ ಸೀಮೆಯಲ್ಲಿ ಆವರಿಕೆ ಗಿಡದ ತೊಗಟೆಯಿಂದ, ಅಂದರೆ ನಮ್ಮ ತಂಗಡಿಯ ತೊಗಟೆಯಿಂದ, ವಾರಗಟ್ಟಲೆ ನೆನೆಸಿ ಚರ್ಮ ಹದಮಾಡುತ್ತಿದ್ದರು. ಬೆಂಗಳೂರಿನಿಂದ ರೈಲಿನಲ್ಲಿ ಬರುವಾಗ ವಾಣಿಯಂಬಾಡಿ, ಆಂಬೂರು ಸಮೀಪಿಸಿತೆಂದು ಕಣ್ಣುಮುಚ್ಚಿಕೊಂಡೇ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಅಲ್ಲಿ ಹರಿಯುವ ಪಾಲಾರ್ ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಕೋಲಾರ ಜಿಲ್ಲೆಯನ್ನು ಹಾದು ಬಂದ ನದಿ. ಹದಗಾರಿಕೆಯ ಕೊಳೆನೀರಿನಿಂದ ಆ ನದಿಗೆ ಆದ ಹಾನಿಯ ಬಗ್ಗೆ ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪು ಪ್ರಸಿದ್ಧವಾಗಿದೆ. ಮಲಿನ ಮಾಡಿದವರೇ ದಂಡ ತೆರಬೇಕು ಎಂಬ ತತ್ವ ನಮ್ಮ ಕಾನೂನಿನಲ್ಲಿ ಗಟ್ಟಿಯಾಗಿ ನೆಲೆಯೂರಲು ಈ ತೀರ್ಪೂ ಕಾರಣ.

ಊರು ಚರ್ಮದ್ದಾದರೂ ಅಂಗಡಿಯಲ್ಲಿರುವುದೆಲ್ಲ ಚರ್ಮವಲ್ಲ. ಇದು ಮೊದಲು ತಿಳಿಯಬೇಕಾದ ವಿಷಯ. ಮಾರಾಟಗಾರ ಯುವಕ ‘ಲೆದರ್ ಸಾರ್’ ಎಂದಾಗ ಅದು ಅಪ್ಪಟ ಚರ್ಮವಿರಬಹುದು. ಕೂರುವ, ಒರಗುವ ಜಾಗಕ್ಕೆ ಮಾತ್ರ ಚರ್ಮ ಹಾಕಿ, ಹಿಂಬದಿ ಮತ್ತು ಪಕ್ಕಗಳಿಗೆ ಕೃತಕ ಹೊದಿಕೆ ಹಾಕಿದ್ದಿರಬಹುದು. ಚರ್ಮದ ಚೂರುಗಳನ್ನು ಪುಡಿಮಾಡಿ ಅಂಟಿನಿಂದ ಹಾಳೆ ಮಾಡಿದ್ದಿರಬಹುದು. ಅಥವಾ ಚರ್ಮದ ಲವಲೇಶವೂ ಇಲ್ಲದ ಲೆದರೆಟ್ ಇರಬಹುದು. ನಮ್ಮ ಕಾಲದಲ್ಲಿ ಇದನ್ನೆಲ್ಲ ಒಂದೇ ಮಾತಿನಲ್ಲಿ ರೆಕ್ಸಿನ್ ಎನ್ನುತ್ತಿದ್ದೆವು. ಅದು ಮೂಲದಲ್ಲಿ ಒಂದು ಬ್ರಿಟಿಷ್ ಕಂಪೆನಿಯ ಸರಕಿನ ಹೆಸರು. ನಮ್ಮ ಬಾಯಲ್ಲಿ ಜಾತಿವಾಚಕವಾಯಿತು. ಗುರುತು ಹಿಡಿಯುವ ಉಪಾಯ ಸುಲಭ. ದಿಂಬಿನ ಜಿಪ್ ತೆಗೆದು ಹೊದಿಕೆಯ ಒಳಮೈ ನೋಡಿ. ಚರ್ಮವಾದರೆ ಒಳಗೆ ಒರಟು ಎಳೆಎಳೆಯ ಮೈ ಕಾಣುತ್ತದೆ, ಕೃತಕವಾದರೆ ಹೆಣೆದ ಬಟ್ಟೆ ಕಾಣುತ್ತದೆ. ಜಿಪ್ ತೆಗೆಯಲು ಅಂಗಡಿಯವರು ಬಿಡದಿದ್ದರೆ ಆ ಅಂಗಡಿಯನ್ನೇ ಬಿಡುವುದು ಲೇಸು.

ಹವಾಮಾನ ಏನು ಹೇಳುತ್ತದೆ?

ಚೆನ್ನೈನ ಶಾಖ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. 2003ರ ಮೇ 31ರಂದು ಇಲ್ಲಿ 45 ಡಿಗ್ರಿ ದಾಖಲಾಗಿತ್ತು. ಆದರೆ ಸೋಫಾಕ್ಕೆ ಶಾಖಕ್ಕಿಂತ ದೊಡ್ಡ ಶತ್ರು ಸಮುದ್ರದ ತೇವ. ಲೆದರೆಟ್‌ನ ಮೇಲ್ಪದರ ಸಾಮಾನ್ಯವಾಗಿ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್. ಗಾಳಿಯ ತೇವ ಅದನ್ನು ನಿಧಾನವಾಗಿ ಒಡೆಯುತ್ತಾ ಹೋಗುತ್ತದೆ. ಮೂರು ನಾಲ್ಕು ವರ್ಷಕ್ಕೆ ಹಾವಿನ ಪೊರೆಯಂತೆ ಸುಲಿಯಲಾರಂಭಿಸಿ, ಎದ್ದವರ ಬಿಳಿ ಪಂಚೆಗೆ ಕರಿ ಚೂರುಗಳು ಅಂಟಿಕೊಳ್ಳುವ ದೃಶ್ಯ ಹಲವು ಮನೆಗಳಲ್ಲಿ ಕಂಡಿದ್ದೇನೆ. ಬಳಸದೆ ಜೋಪಾನವಾಗಿಟ್ಟರೂ ಇದು ತಪ್ಪುವುದಿಲ್ಲ.

ಅಪ್ಪಟ ಚರ್ಮ ಹೀಗೆ ಸುಲಿಯುವುದಿಲ್ಲ. ಒರೆಸಿದರೆ ಶುದ್ಧ, ಧೂಳು ಒಳಗೆ ಇಳಿಯುವುದಿಲ್ಲ. ಉಬ್ಬಸವಿರುವವರ ಮನೆಗೆ ಇದೊಂದು ದೊಡ್ಡ ಅನುಕೂಲವೆಂದು ಒಪ್ಪಲೇಬೇಕು. ಬಟ್ಟೆಯ ಸೋಫಾದಲ್ಲಿ ಧೂಳಿನ ನುಸಿ, ದುರದೃಷ್ಟವಿದ್ದರೆ ತಿಗಣೆ ಸಹ ಮನೆ ಮಾಡುತ್ತವೆ. ಆದರೆ ಐಪ್ಪಸಿ, ಕಾರ್ತಿಕ ಮಾಸಗಳ ಮಳೆಯಲ್ಲಿ ಮುಚ್ಚಿದ ಕೋಣೆಯ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. 2016ರ ಡಿಸೆಂಬರ್ 12ರಂದು ವರ್ಧಾ ಚಂಡಮಾರುತ ಬಂದಾಗ ಎಷ್ಟೋ ಬಡಾವಣೆಗಳಲ್ಲಿ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಏಸಿಯ ಒಣಹವೆಯನ್ನು ನಂಬಿಕೊಂಡ ವಸ್ತುವಿಗೆ ಅಂಥ ದಿನಗಳು ಕಷ್ಟದವು. ಇನ್ನು ಮೇ ತಿಂಗಳ ಮಧ್ಯಾಹ್ನ ಫ್ಯಾನ್ ಕೆಳಗೆ ಬನಿಯನ್ ತೊಟ್ಟು ಚರ್ಮದ ಮೇಲೆ ಕುಳಿತು ಎದ್ದವರಿಗೆ ನಾನು ಬೇರೆ ವಿವರಿಸಬೇಕಿಲ್ಲ.

ನಮ್ಮವರ ತಲೆಗೆಣ್ಣೆಯದು ಬೇರೆಯೇ ಕಥೆ. ಬಟ್ಟೆಗೆ ಎಣ್ಣೆ ತಾಗಿದರೆ ಕಲೆ, ಚರ್ಮಕ್ಕೆ ತಾಗಿದರೆ ಮೇಲಿನ ಮೆರುಗು ಹೋಗಿ ಬಿರುಕು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲೂ ಗಂಡಸರು ಮ್ಯಾಕಾಸರ್ ಎಂಬ ತಲೆಗೆಣ್ಣೆ ಬಳಿದುಕೊಂಡು ಕುರ್ಚಿಗಳನ್ನು ಹಾಳುಮಾಡುತ್ತಿದ್ದರಂತೆ. ಅದನ್ನು ತಡೆಯಲು ಒರಗುವ ಜಾಗಕ್ಕೆ ಹಾಸಿದ ಬಟ್ಟೆಗೆ ‘ಆಂಟಿ ಮ್ಯಾಕಾಸರ್’ ಎಂದೇ ಹೆಸರಾಯಿತು. ನಮ್ಮ ಅತ್ತೆ ಚಿಕ್ಕಮ್ಮಂದಿರು ಕ್ರೋಷಾ ಕಡ್ಡಿಯಲ್ಲಿ ಹೆಣೆದು ಕುರ್ಚಿ ಬೆನ್ನಿಗೆ ಹಾಕುತ್ತಿದ್ದ ಬಿಳಿ ಜಾಲರಿ ಇದೇ. ಪೆಟ್ಟಿಗೆಯಲ್ಲಿದ್ದರೆ ಹೊರಗೆ ತೆಗೆಯಿರಿ.

ಹಾಲ್‌ನಲ್ಲಿ ಯಾರು ಕೂರಬೇಕು?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಣ್ಣಾನಗರದ ಒಂದು ಕನ್ನಡ ಮನೆ. ಮಗ ಸಾಫ್ಟ್‌ವೇರ್ ಉದ್ಯೋಗಿ, ದೊಡ್ಡ ಹಾಲ್, ಗೋಡೆಯಿಂದ ಗೋಡೆಗೆ ಕಂದು ಬಣ್ಣದ ಚರ್ಮದ ಸೋಫಾ. ಎಂಬತ್ತು ದಾಟಿದ ತಾಯಿ ಮಾತ್ರ ಅಡುಗೆಮನೆ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮಡಿಯವರು, ಚರ್ಮದ ಮೇಲೆ ಕೂರರು. ಅದನ್ನು ಬಾಯಿಬಿಟ್ಟು ಹೇಳಿ ಮಗನ ಸಂತೋಷ ಕೆಡಿಸಲೂ ಅವರಿಗೆ ಮನಸ್ಸಿಲ್ಲ. ಬಂದ ನೆಂಟರು ಸೋಫಾದಲ್ಲಿ ಕೂತು ಮಾತಾಡುವಾಗ ಅಷ್ಟು ದೂರದಿಂದ ಆಕೆಗೆ ಅರ್ಧ ಕೇಳಿಸದು. ಧಾರಾವಾಹಿಯೂ ಅಷ್ಟೆ. ಲಕ್ಷ ರೂಪಾಯಿ ಕೊಟ್ಟು ಕೊಂಡ ವಸ್ತು ಮನೆಯ ಹಿರಿಯ ಜೀವವೊಂದನ್ನು ಹಾಲ್‌ನಿಂದ ಆಚೆ ಸರಿಸಿತ್ತು. ಒಂದು ವರ್ಷದ ಮೇಲೆ ಸೊಸೆಗೆ ಹೊಳೆದು, ಟಿವಿಯ ಎದುರಿಗೇ ಒಂದು ಮರದ ದಿವಾನ, ಅದಕ್ಕೆ ಹತ್ತಿಯ ಹಾಸು ಬಂತು. ಈಗ ನೆಂಟರೆಲ್ಲ ಆ ದಿವಾನದ ಸುತ್ತಲೇ ಸೇರುತ್ತಾರೆ.

ಇದು ಮೂಢನಂಬಿಕೆ ಎನ್ನುವ ಕಿರಿಯರಿದ್ದಾರೆ. ಪೂಜೆಗೆ ಕೃಷ್ಣಾಜಿನದ ಮೇಲೆ ಕೂರುವವರು ಸೋಫಾಕ್ಕೆ ಯಾಕೆ ಹಿಂಜರಿಯಬೇಕು, ಡಿಸೆಂಬರ್ ಸಂಗೀತೋತ್ಸವದಲ್ಲಿ ತಲೆದೂಗುವ ಮೃದಂಗಕ್ಕೂ ದನ, ಎಮ್ಮೆ, ಆಡುಗಳ ಚರ್ಮವೇ ಅಲ್ಲವೇ ಎಂದು ವಾದಿಸುತ್ತಾರೆ. ವಾದದಲ್ಲಿ ಅವರು ಗೆಲ್ಲಬಹುದು, ಅಜ್ಜಿಯಂತೂ ಕೂರುವುದಿಲ್ಲ. ಸೋಫಾದ ಚರ್ಮ ಹೆಚ್ಚಾಗಿ ದನ, ಎಮ್ಮೆಗಳದ್ದು. ಅದರ ಮೇಲೆ ಕೂರಲು ಮನಸ್ಸೊಪ್ಪದ ಜೈನ, ಲಿಂಗಾಯತ, ಬ್ರಾಹ್ಮಣ ಮನೆಗಳು ನಮ್ಮ ಸಂಘಗಳಲ್ಲೇ ಬೇಕಾದಷ್ಟಿವೆ. ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕು. ಚರ್ಮ ಬೇಡವೆನ್ನುವುದು ಬೇರೆ, ಚರ್ಮದ ಕೆಲಸ ಮಾಡುವವರನ್ನು ಕೀಳಾಗಿ ಕಾಣುವುದು ಬೇರೆ. ಹರಳಯ್ಯನವರನ್ನೂ ಮಾದಾರ ಚೆನ್ನಯ್ಯನವರನ್ನೂ ಶರಣರೆಂದು ಕೈಮುಗಿಯುವ ನಾಡಿನವರು ನಾವು. ಆಂಬೂರಿನ ಕಾರ್ಖಾನೆಗಳಲ್ಲಿ ದುಡಿದು ಮಕ್ಕಳನ್ನು ಓದಿಸುತ್ತಿರುವ ಹೆಣ್ಣುಮಕ್ಕಳ ಬಗ್ಗೆ ಹಗುರವಾಗಿ ಮಾತಾಡುವ ಹಕ್ಕು ಯಾರಿಗೂ ಇಲ್ಲ.

ಹಿರಿಯರ ವಿಷಯದಲ್ಲಿ ಹೊದಿಕೆಯಷ್ಟೇ ಮುಖ್ಯವಾದದ್ದು ಎತ್ತರ. ನೆಲಕ್ಕೆ ತಾಗಿದಂತಿರುವ ಹೊಸ ಮಾದರಿಯ ಸೋಫಾದಲ್ಲಿ ಕುಳಿತರೆ ಮಂಡಿನೋವಿನವರು ಎದ್ದೇಳಲು ಇಬ್ಬರು ಕೈ ಹಿಡಿಯಬೇಕು. ಆಸನ ನೆಲದಿಂದ ಹದಿನೇಳು ಹದಿನೆಂಟು ಅಂಗುಲವಿರಲಿ, ಊರಿ ಏಳಲು ಗಟ್ಟಿಯಾದ ಕೈ ಇರಲಿ. ಸ್ಪಂಜಿನ ಸಾಂದ್ರತೆ ಕೇಳಿ. 32 ಇಲ್ಲವೆ 40 ಎಂದರೆ ಪರವಾಗಿಲ್ಲ, ಅದಕ್ಕಿಂತ ಕಡಿಮೆಯದು ಬೇಗ ಕುಸಿಯುತ್ತದೆ.

ನೆಲಮಹಡಿಯವರು ಇನ್ನೂ ಒಂದನ್ನು ಯೋಚಿಸಬೇಕು. 2015ರ ಡಿಸೆಂಬರ್ ಮೊದಲ ದಿನ ತಾಂಬರಂನಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ 49 ಸೆಂಟಿಮೀಟರ್ ಮಳೆ ಬಿತ್ತು. ನೀರಿಳಿದ ಮೇಲೆ ಮುಡಿಚೂರು, ವೇಳಚೇರಿ, ಜಾಫರ್‌ಖಾನ್ ಪೇಟೆಗಳ ಬೀದಿಯಲ್ಲಿ ಮನೆಮನೆಯ ಮುಂದೆ ರಾಶಿ ಬಿದ್ದದ್ದು ಹಾಸಿಗೆಗಳು ಮತ್ತು ಸೋಫಾಗಳು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಬಂದಾಗ ಮತ್ತೆ ಅದೇ ನೋಟ. ಚರಂಡಿ ನೀರು ಕುಡಿದ ಸ್ಪಂಜು ಚರ್ಮದೊಳಗಿದ್ದರೂ ಬಟ್ಟೆಯೊಳಗಿದ್ದರೂ ಎಸೆಯತಕ್ಕದ್ದೇ. ಆದರೆ ಬಿಡಿ ದಿಂಬುಗಳಾದರೆ ನೀರು ಹೊಸಿಲಿಗೆ ಬರುವಷ್ಟರಲ್ಲಿ ಎರಡು ನಿಮಿಷದಲ್ಲಿ ಅಟ್ಟಕ್ಕೆ ಏರಿಸಬಹುದು. ತೇಗದ ಚೌಕಟ್ಟು ನೆನೆದರೂ ಒಣಗಿಸಿ ಬಳಸಬಹುದು. ಮೊಳೆ ಹೊಡೆದು ಒಂದೇ ಮುದ್ದೆಯಾಗಿ ಹೊಲಿದ ಸೋಫಾವನ್ನು ನಾಲ್ಕು ಜನ ಸೇರಿದರೂ ಮೆಟ್ಟಿಲು ಹತ್ತಿಸಲಾಗದು. ಒಳಗೆ ಮರದ ಪುಡಿಯ ಹಲಗೆ ಇದ್ದರಂತೂ ಅದು ಊದಿಕೊಂಡು ಅಲ್ಲಿಗೇ ಮುಗಿಯಿತು.

ಇನ್ನು ಹಣದ ಲೆಕ್ಕ. ಉದಾಹರಣೆಗೆಂದು ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ, ನಿಮ್ಮ ಅಂಗಡಿಯ ಬೆಲೆ ಹಾಕಿ ನೀವೇ ಮತ್ತೆ ಗುಣಿಸಿ. ಅಪ್ಪಟ ಚರ್ಮದ್ದಕ್ಕೆ ಒಂದೂವರೆ ಲಕ್ಷ, ಹದಿನೈದು ವರ್ಷ ಬಾಳಿಕೆ ಎಂದರೆ ವರ್ಷಕ್ಕೆ 10,000. ಬಟ್ಟೆಯದ್ದಕ್ಕೆ 45,000, ಅದೇ ಅವಧಿಯಲ್ಲಿ ಎರಡು ಸಲ ಹೊದಿಕೆ, ಸ್ಪಂಜು ಬದಲಿಸಲು ತಲಾ 15,000, ಒಟ್ಟು 75,000, ವರ್ಷಕ್ಕೆ 5,000. ಅಗ್ಗವೆಂದು ತಂದ ಲೆದರೆಟ್‌ಗೆ 35,000, ನಾಲ್ಕು ವರ್ಷಕ್ಕೆ ಸುಲಿದರೆ ವರ್ಷಕ್ಕೆ 8,750. ಅಗ್ಗದ್ದು ಹೆಚ್ಚುಕಮ್ಮಿ ದುಬಾರಿಯ ಪಕ್ಕಕ್ಕೇ ಬಂದು ನಿಂತಿತಲ್ಲ! ಬಡ್ಡಿಯಿಲ್ಲದ ಕಂತು ಎಂಬ ಫಲಕ ಕಂಡರೆ, ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲಿ ಬ್ಯಾಂಕುಗಳಿಗೆ ಹೇಳಿದ್ದನ್ನು ನೆನಪಿಸಿಕೊಂಡು, ಪೂರ್ತಿ ನಗದು ಕೊಟ್ಟರೆ ಬೆಲೆ ಎಷ್ಟೆಂದು ಕೇಳಿ. ವ್ಯತ್ಯಾಸ ಅಲ್ಲೇ ತಿಳಿಯುತ್ತದೆ. ಬಿಲ್ಲಿನಲ್ಲಿ ಹೊದಿಕೆ ಯಾವುದು, ಚೌಕಟ್ಟು ಯಾವ ಮರ ಎಂದು ಬರೆಸಿಕೊಳ್ಳಿ. ಮೋಸವಾದರೆ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಕಾಯಿದೆಯಂತೆ ನೀವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು.

ಎಲ್ಲಕ್ಕೂ ಮೊದಲು ನಮ್ಮ ಮನೆಗಳಲ್ಲಿ ಸೋಫಾವೇ ಇರಲಿಲ್ಲ ಎಂಬುದು ನಿಜ. ನೆಂಟರು ಬಂದರೆ ಜಮಖಾನ ಬಿಚ್ಚುತ್ತಿದ್ದರು. ಅದು ನಮ್ಮ ನವಲಗುಂದದ್ದಿರಲಿ, ಇಲ್ಲಿಯ ಭವಾನಿಯದ್ದಿರಲಿ, ಎಷ್ಟು ಜನ ಬಂದರೂ ಜಾಗವಾಗುತ್ತಿತ್ತು. ಮಂಡಿಗಳು ಒಪ್ಪುವುದಾದರೆ ಅದು ಈಗಲೂ ಹಾಲ್‌ನ ಒಂದು ಮೂಲೆಯಲ್ಲಿರಲಿ, ಮಕ್ಕಳಿಗಂತೂ ಅದೇ ಇಷ್ಟ.

ಹೊದಿಕೆ ಬಟ್ಟೆಗೆ ಎಗ್ಮೋರಿನ ಪ್ಯಾಂಥಿಯನ್ ರಸ್ತೆಗೆ ಒಮ್ಮೆ ಹೋಗಿಬನ್ನಿ. ಕಾಟನ್ ಸ್ಟ್ರೀಟ್ ಎಂದೇ ಜನ ಕರೆಯುವ ಆ ಅಂಗಡಿಸಾಲಿನಲ್ಲಿ ಪರದೆ, ಸೋಫಾ ಬಟ್ಟೆಗಳು ದೊಡ್ಡ ಮಳಿಗೆಗಳಿಗಿಂತ ಕಡಿಮೆ ಬೆಲೆಗೆ ಸಿಗುತ್ತವೆ. ತೆಳು ಪರದೆ ಬಟ್ಟೆಯನ್ನು ಸೋಫಾಕ್ಕೆ ತರಬೇಡಿ, ದಪ್ಪ ಹೆಣಿಗೆಯದನ್ನೇ ಕೇಳಿ. ಸೋಫಾ ಬಟ್ಟೆಯ ಅಗಲ ಸಾಮಾನ್ಯವಾಗಿ 54 ಅಂಗುಲ. ಎಷ್ಟು ಮೀಟರ್ ಬೇಕೆಂದು ಹೊಲಿಯುವವರನ್ನೇ ಮೊದಲು ಕರೆಸಿ ಅಳತೆ ಮಾಡಿಸಿ. ಹತ್ತಿಯದ್ದಾದರೆ ಹೊಲಿಗೆಗೆ ಕೊಡುವ ಮುನ್ನ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ದಿಂಬಿಗೆ ಏರದು. ಅದೇ ತಾನಿನಿಂದ ಎರಡು ಮೀಟರ್ ಹೆಚ್ಚಿಗೆ ಕೊಂಡು ಬೀರುವಿನಲ್ಲಿಡಿ. ಮುಂದಿನ ವರ್ಷ ಮೊಮ್ಮಗ ಇಂಕು ಚೆಲ್ಲಿದಾಗ ಆ ಬಣ್ಣ ಅಂಗಡಿಯಲ್ಲಿ ಇರುವುದಿಲ್ಲ.