ಸಾಸೇಜಿನ ಶಕ್ತಿಲೆಕ್ಕ

ಇಂಗ್ಲೆಂಡಿನವರ ಬೆಳಗಿನ ಉಪಾಹಾರವು ಜಗತ್ಪ್ರಸಿದ್ಧವಾದುದು. ಹುರಿದ ಸಾಸೇಜು, ಮೊಟ್ಟೆ, ಕರಿದ ಬ್ರೆಡ್ಡು, ಟೊಮೆಟೊ ರಸದಲ್ಲಿ ಬೆಂದ ಬೀನ್ಸ್ ಕಾಳು ಎಲ್ಲವೂ ಒಂದೇ ತಟ್ಟೆಯಲ್ಲಿ ಬಂದು ಕೂರುತ್ತವೆ. ತೂಕ ಹೆಚ್ಚುತ್ತಿದೆಯೆಂದು ಚಿಂತಿಸುವವನು ಈ ತಟ್ಟೆಯಿಂದ ಮೊದಲು ಹೊರಹಾಕುವುದು ಸಾಸೇಜನ್ನು. ನಿಜವಾದ ಅಪರಾಧಿ ಅದೇ ಹೌದೆ? ನಮ್ಮ ಓದುಗರಲ್ಲಿ ಸಾಸೇಜನ್ನು ಕಂಡೇ ಇಲ್ಲದವರೂ, ಕಾಣಲು ಇಷ್ಟಪಡದವರೂ ಇರಬಹುದು. ಆದರೂ ಈ ವಿಚಾರಣೆಯನ್ನು ನಡೆಸಿ ನೋಡೋಣ; ಇದಕ್ಕೆ ಬೇಕಾಗುವುದು ಅವರಿಗೆ ಚಿರಪರಿಚಿತವಾದ ಶಕ್ತಿ ಸಂರಕ್ಷಣಾ ನಿಯಮವೊಂದೇ.

ಮಾಂಸವನ್ನು ಸಣ್ಣಗೆ ಕೊಚ್ಚಿ, ಕೊಬ್ಬು, ಉಪ್ಪು, ಸಂಬಾರಗಳನ್ನು ಬೆರೆಸಿ, ಪ್ರಾಣಿಯ ಕರುಳಿನ ಕೊಳವೆಯಲ್ಲೋ ಅದನ್ನು ಹೋಲುವ ಕೃತಕ ಕೊಳವೆಯಲ್ಲೋ ತುಂಬಿದರೆ ಸಾಸೇಜು ಸಿದ್ಧವಾಗುತ್ತದೆ. ಇಂಗ್ಲೆಂಡಿನಲ್ಲಿ ಇದಕ್ಕೆ ಗೋಧಿಯ ಒಣರೊಟ್ಟಿಯ ಪುಡಿಯನ್ನೂ ಸೇರಿಸುವುದು ವಾಡಿಕೆ. ಅಲ್ಲಿನ ಕಾನೂನಿನಂತೆ ಹಂದಿಮಾಂಸದ ಸಾಸೇಜೆಂದು ಮಾರುವ ವಸ್ತುವಿನಲ್ಲಿ ನೂರಕ್ಕೆ 42 ಪಾಲಾದರೂ ಹಂದಿಮಾಂಸವಿರಬೇಕು. ಅಮೆರಿಕದ ಕಾನೂನಾದರೋ ಹಸಿಯ ಹಂದಿಮಾಂಸದ ಸಾಸೇಜಿನಲ್ಲಿ ಅರ್ಧದಷ್ಟು ಕೊಬ್ಬಿರುವುದಕ್ಕೂ ಅವಕಾಶ ಕೊಡುತ್ತದೆ. ಹೀಗಿರುವಾಗ, ಒಂದು ಸಾಸೇಜಿನಲ್ಲಿ ಎಷ್ಟು ಕ್ಯಾಲೊರಿಗಳಿವೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿರಲಾರದು.

ಆಹಾರದ ಮಾತಿನಲ್ಲಿ ಕ್ಯಾಲೊರಿಯೆಂದರೆ ಒಂದು ಕಿಲೊಗ್ರಾಂ ನೀರಿನ ಉಷ್ಣತೆಯನ್ನು 1 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಶಾಖ. ನಮ್ಮ ಪ್ರಯೋಗಾಲಯದ ಕ್ಯಾಲೊರಿಗಿಂತ ಇದು ಸಾವಿರ ಪಾಲು ದೊಡ್ಡದು. 1890ರ ದಶಕದಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ಆಟ್‌ವಾಟರ್ ಎಂಬ ರಸಾಯನಶಾಸ್ತ್ರಜ್ಞನೂ ರೋಸಾ ಎಂಬ ಭೌತಶಾಸ್ತ್ರಜ್ಞನೂ ಕೂಡಿ ಮನುಷ್ಯನೊಬ್ಬ ವಾಸಿಸಬಹುದಾದಷ್ಟು ದೊಡ್ಡದಾದ ಒಂದು ಕ್ಯಾಲೊರಿಮಾಪಕವನ್ನೇ ಕಟ್ಟಿದರು. ಒಳಗಿದ್ದವನ ದೇಹದ ಶಾಖವನ್ನು ಕೊಳವೆಗಳಲ್ಲಿ ಹರಿಯುವ ನೀರು ಹೊತ್ತೊಯ್ಯುತ್ತಿತ್ತು. ನೀರು ಎಷ್ಟು ಬಿಸಿಯಾಯಿತೆಂಬುದನ್ನು ಅಳೆದರು. ಮನುಷ್ಯನ ದೇಹವೂ ಶಕ್ತಿ ಸಂರಕ್ಷಣಾ ನಿಯಮಕ್ಕೆ ಒಳಪಟ್ಟಿದೆಯೆಂಬುದು ಇದರಿಂದ ದೃಢಪಟ್ಟಿತು. ಆಟ್‌ವಾಟರನ ಸಂಶೋಧನೆಗಳಿಂದ ಬಂದ ಅಂಕೆಗಳನ್ನು ಇಂದಿಗೂ ಬಳಸುತ್ತಾರೆ: ಒಂದು ಗ್ರಾಂ ಪ್ರೋಟೀನಿನಿಂದ 4, ಪಿಷ್ಟದಿಂದ 4, ಕೊಬ್ಬಿನಿಂದ 9 ಕ್ಯಾಲೊರಿ.

50 ಗ್ರಾಂ ತೂಕದ ಹಸಿಯ ಸಾಸೇಜೊಂದರಲ್ಲಿ 6 ಗ್ರಾಂ ಪ್ರೋಟೀನು, 10 ಗ್ರಾಂ ಕೊಬ್ಬು, 5 ಗ್ರಾಂ ಪಿಷ್ಟ ಇವೆಯೆಂದು ಇಟ್ಟುಕೊಳ್ಳೋಣ. ಆಗ ಅದರ ಶಕ್ತಿ 24, 90 ಮತ್ತು 20, ಒಟ್ಟು 134 ಕ್ಯಾಲೊರಿ. ತೂಕದಲ್ಲಿ ಐದನೆಯ ಒಂದು ಪಾಲಷ್ಟೇ ಆದ ಕೊಬ್ಬು ಶಕ್ತಿಯಲ್ಲಿ ಮೂರನೆಯ ಎರಡು ಪಾಲನ್ನು ಆಕ್ರಮಿಸಿಕೊಂಡಿದೆ! 60 ಕಿಲೊಗ್ರಾಂ ತೂಕದವನು ಮೆಟ್ಟಿಲು ಹತ್ತಿ ಇದನ್ನು ವ್ಯಯಮಾಡಬೇಕಾದರೆ, ಅವನ ಸ್ನಾಯುಗಳು ಶಕ್ತಿಯ ಕಾಲು ಪಾಲನ್ನು ಕೆಲಸವಾಗಿ ಮಾರ್ಪಡಿಸುತ್ತವೆಂದು ಎಣಿಸಿದರೂ, ಸುಮಾರು 240 ಮೀಟರು ಏರಬೇಕು. ಲಂಡನ್ನಿನ ಬಿಗ್ ಬೆನ್ ಗೋಪುರದ ಎತ್ತರ 96 ಮೀಟರು.

ಇನ್ನು ಬೇಯಿಸುವ ಬಗೆಯನ್ನು ನೋಡೋಣ. ಬಾಣಲೆಯಲ್ಲಿ ಹುರಿದಾಗ ಸಾಸೇಜಿನ ಕೊಬ್ಬು ಸ್ವಲ್ಪ ಕರಗಿ ಹೊರಬರುತ್ತದೆ. ಕ್ಯಾಲೊರಿಗಳು ಕಡಮೆಯಾದುವೆಂದು ಸಂತೋಷಪಡುವ ಮುನ್ನ ಆ ಕೊಬ್ಬು ಎಲ್ಲಿಗೆ ಹೋಯಿತೆಂದು ಕೇಳಬೇಕು. ಅದೇ ಬಾಣಲೆಯಲ್ಲಿ ಬ್ರೆಡ್ಡನ್ನು ಕರಿದರೆ ಅದು ಸ್ಪಂಜಿನಂತೆ ಕೊಬ್ಬನ್ನೆಲ್ಲ ಹೀರಿಕೊಂಡು ಪುನಃ ತಟ್ಟೆಗೆ ತರುತ್ತದೆ. ಶಕ್ತಿ ನಾಶವಾಗಲಿಲ್ಲ, ಸಾಸೇಜಿನಿಂದ ಬ್ರೆಡ್ಡಿಗೆ ವರ್ಗವಾಯಿತು, ಅಷ್ಟೆ. ಕಂಬಿಗಳ ಜಾಲರಿಯ ಮೇಲಿಟ್ಟು, ಮೇಲಿನಿಂದ ಬೀಳುವ ಶಾಖದ ಕಿರಣಗಳಲ್ಲಿ ಸುಟ್ಟರೆ ಕೊಬ್ಬು ಕೆಳಗಿನ ತಟ್ಟೆಗೆ ತೊಟ್ಟಿಕ್ಕಿ ನಿಜವಾಗಿಯೂ ಲೆಕ್ಕದಿಂದ ಹೊರಗೆ ಹೋಗುತ್ತದೆ. (ಬಿಸಿಯಾದ ಸಾಸೇಜು ಸಾಮಾನ್ಯವಾಗಿ ಉದ್ದಕ್ಕೇ ಸೀಳುತ್ತದೆ, ಒತ್ತಡಕ್ಕೊಳಗಾದ ಕೊಳವೆಯ ಗೋಡೆಯಲ್ಲಿ ಸುತ್ತಳತೆಯ ದಿಕ್ಕಿನ ಎಳೆತ ಉದ್ದದ ದಿಕ್ಕಿನ ಎಳೆತಕ್ಕಿಂತ ಎರಡರಷ್ಟು. ಉಗಿಯಂತ್ರದ ಬಾಯ್ಲರಿಗೂ ಇದೇ ಸೂತ್ರ.)

ಇಲ್ಲೊಂದು ವಿಚಿತ್ರವುಂಟು. ಸುಟ್ಟಾಗ ನಮ್ಮ ಸಾಸೇಜು 8 ಗ್ರಾಂ ನೀರನ್ನೂ 2 ಗ್ರಾಂ ಕೊಬ್ಬನ್ನೂ ಕಳೆದುಕೊಂಡಿತೆನ್ನೋಣ. ಉಳಿದ 40 ಗ್ರಾಂನಲ್ಲಿ 116 ಕ್ಯಾಲೊರಿಗಳಿವೆ. ನೂರು ಗ್ರಾಂನ ಲೆಕ್ಕದಲ್ಲಿ ಹಸಿಯದಕ್ಕೆ 268, ಸುಟ್ಟದ್ದಕ್ಕೆ 290! ಆಹಾರದ ಕೋಷ್ಟಕವನ್ನು ಅವಸರದಲ್ಲಿ ಓದಿದವನು ಸುಡುವುದರಿಂದ ಕ್ಯಾಲೊರಿ ಹೆಚ್ಚಿತೆಂದು ತಿಳಿದಾನು. ಹೆಚ್ಚಿದ್ದು ಕ್ಯಾಲೊರಿಯಲ್ಲ, ಕಡಮೆಯಾದದ್ದು ನೀರು.

ಈಗ ಎರಡು ತಟ್ಟೆಗಳನ್ನು ಹೋಲಿಸೋಣ. ಮೊದಲನೆಯದರಲ್ಲಿ ಎರಡು ಸಾಸೇಜು, ಎರಡು ಮೊಟ್ಟೆ, ಎರಡು ಬ್ರೆಡ್ಡಿನ ಹೋಳು, ಇವನ್ನೆಲ್ಲ ಕರಿಯಲು ಹಿಡಿದ 20 ಗ್ರಾಂ ಎಣ್ಣೆ ಮತ್ತು 100 ಗ್ರಾಂ ಬೀನ್ಸ್: ಅನುಕ್ರಮವಾಗಿ 268, 140, 180, 180, 80, ಸುಮಾರು 850 ಕ್ಯಾಲೊರಿ. ಎರಡನೆಯದರಲ್ಲಿ ಸುಟ್ಟ ಸಾಸೇಜು ಒಂದು, ಒಡೆದು ಬಿಸಿನೀರಿನಲ್ಲಿ ಬೇಯಿಸಿದ ಮೊಟ್ಟೆ ಒಂದು, ಕರಿಯದ ಬ್ರೆಡ್ಡಿನ ಹೋಳು ಒಂದು, ಅಷ್ಟೇ ಬೀನ್ಸ್, ಜೊತೆಗೆ ಎಣ್ಣೆಯಿಲ್ಲದೆ ಸುಟ್ಟ ಟೊಮೆಟೊ ಮತ್ತು ಅಣಬೆ: ಒಟ್ಟು 390ಕ್ಕಿಂತ ಸ್ವಲ್ಪ ಕಡಮೆ. ಸಾಸೇಜು ತಟ್ಟೆಯಲ್ಲೇ ಇದೆ, ಆದರೆ ಕ್ಯಾಲೊರಿ ಅರ್ಧಕ್ಕಿಂತ ಕೆಳಗಿಳಿದಿದೆ. ಈ ಉಳಿತಾಯದಲ್ಲಿ ಅತಿ ದೊಡ್ಡ ಪಾಲು ಎಣ್ಣೆಯದು. ತಟ್ಟೆಯಲ್ಲಿ ಕಣ್ಣಿಗೆ ಕಾಣದ ಪದಾರ್ಥವೇ ಹೀಗೆ ಹೆಚ್ಚು ತೂಗುತ್ತದೆ.

ಇಷ್ಟಕ್ಕೆ ವಿಚಾರಣೆ ಮುಗಿಯಿತೆಂದರೆ ಅನ್ಯಾಯವಾದೀತು. ಕ್ಯಾಲೊರಿಮಾಪಕವು ಶಾಖವನ್ನು ಅಳೆಯುತ್ತದೆಯೇ ಹೊರತು ಉಪ್ಪನ್ನಲ್ಲ. ನೂರಕ್ಕೆ ಒಂದೂವರೆ ಪಾಲು ಉಪ್ಪಿರುವ ನಮ್ಮ ಸಾಸೇಜು ಮುಕ್ಕಾಲು ಗ್ರಾಂ ಉಪ್ಪನ್ನು ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕನ ಇಡೀ ದಿನದ ಉಪ್ಪು 5 ಗ್ರಾಂಗಿಂತ ಕಡಮೆಯಿರಬೇಕು. ಇನ್ನೂ ಗಂಭೀರವಾದ ಸಂಗತಿಯೊಂದಿದೆ. ಆ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಸಂಸ್ಕರಿತ ಮಾಂಸವನ್ನು ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿತು. ಹೊಗೆಸೊಪ್ಪೂ ಇದೇ ಗುಂಪಿನಲ್ಲಿದೆಯೆಂದು ಎರಡರ ಅಪಾಯವೂ ಸಮವೆಂದು ತಿಳಿಯಬಾರದು. ಈ ಗುಂಪು ಸೂಚಿಸುವುದು ಸಾಕ್ಷ್ಯದ ಬಲವನ್ನು, ಅಪಾಯದ ಗಾತ್ರವನ್ನಲ್ಲ. ಗಾತ್ರದ ಅಂದಾಜು ಹೀಗಿದೆ: ದಿನಂಪ್ರತಿ 50 ಗ್ರಾಂ ಸಂಸ್ಕರಿತ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಶೇಕಡ 18ರಷ್ಟು ಹೆಚ್ಚುತ್ತದೆ. ನೂರು ಜನರಲ್ಲಿ ಐವರಿಗೆ ಬರುವ ರೋಗ ಆಗ ಸುಮಾರು ಆರು ಮಂದಿಗೆ ಬರುತ್ತದೆಂದು ಅರ್ಥ. ದಿನಂಪ್ರತಿ ಎಂಬ ಮಾತನ್ನು ಓದುಗರು ಗಮನಿಸಬೇಕು. ನಮ್ಮ ಎರಡನೆಯ ತಟ್ಟೆ ಭಾನುವಾರಕ್ಕೆ ಒಪ್ಪುತ್ತದೆ. ಉಳಿದ ಆರು ದಿನ ಸಾಸೇಜಿನ ಜಾಗದಲ್ಲಿ ಇನ್ನೊಂದು ಮೊಟ್ಟೆಯನ್ನೋ ಇನ್ನಷ್ಟು ಬೀನ್ಸ್ ಕಾಳನ್ನೋ ಇಟ್ಟರೆ ಕ್ಯಾಲೊರಿಯ ಲೆಕ್ಕ ಹೆಚ್ಚುಕಡಮೆ ಹಾಗೆಯೇ ಉಳಿಯುತ್ತದೆ.