ಹಾಡಿನ ಹಿಂದಿನ ಹಲಗೆ

ದಲಿತ ಕಾವ್ಯದ ಬಗ್ಗೆ ನಮ್ಮ ವಿಮರ್ಶೆ ಮಾತಾಡುವಾಗ ಕವಿಯ ಹೆಸರು ಮೊದಲು ಬರುತ್ತದೆ, ಆಮೇಲೆ ಹಾಡಿದವರದು. ಹಲಗೆ ಬಡಿದವನ ಮಾತೇ ಬರುವುದಿಲ್ಲ. ಇದನ್ನು ಬರೀ ಮರೆವು ಎಂದು ನಾನು ತಿಳಿದಿಲ್ಲ. ಓದುವ ಕ್ರಮದಲ್ಲೇ ಇರುವ ಕೊರತೆ ಇದು.

1973ರ ಬೂಸಾ ಪ್ರಕರಣದ ನಂತರ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪ್ರೊ. ಬಿ. ಕೃಷ್ಣಪ್ಪ ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದರು. ನಮ್ಮ ತರೀಕೆರೆಗೆ ಭದ್ರಾವತಿ ಪಕ್ಕದೂರು. ಬೀರೂರು–ಶಿವಮೊಗ್ಗ ರೈಲಿನ ದಾರಿ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಅಕ್ಷರ ಬಾರದ ಕೇರಿಗಳಿಗೆ ಆ ಪದ್ಯಗಳು ತಲುಪಿದ್ದು ಪುಸ್ತಕವಾಗಿ ಅಲ್ಲ, ಹಾಡಾಗಿ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಹೀಗೆ ಹಾಡುತ್ತಾ ತಿರುಗಿದ ಒಂದು ಸಣ್ಣ ತಂಡದಲ್ಲಿ ಮೊದಲಿಂದಲೂ ನಮ್ಮ ದೊಡ್ಡಪ್ಪ ಇದ್ದ. ‘ಹೆಸರು ಹಾಕ್ಬೇಡ, ಜೊತೇಲಿದ್ದೋರಿಗೆ ಬೇಜಾರಾಗುತ್ತೆ’ ಅಂದಿದ್ದಾನೆ.

ಹಲಗೆಯ ಕೆಲಸ ಏನೆಂದು ಬಿಡಿಸಿ ಹೇಳಬೇಕು. ಬಳೆಗೆ ಬಿಗಿದ ಚರ್ಮ ಥಂಡಿಗೆ ಸಡಿಲಾಗುತ್ತದೆ. ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಬೇಕು. ಒಂದು ಕೈಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳು ಕಡ್ಡಿ. ಮುಂದಿನವನು ಒಂದು ಸಾಲು ಹೇಳುತ್ತಾನೆ, ಹಿಂದಿನವರು ಅದನ್ನೇ ತಿರುಗಿ ಹೇಳುತ್ತಾರೆ. ಇವೆರಡರ ನಡುವಿನ ಜಾಗ ಹಲಗೆಯದು. ಮೈಕಿಲ್ಲದ ಕಾಲದಲ್ಲಿ ಜನ ಸೇರುತ್ತಿದ್ದುದೂ ಆ ಸದ್ದಿಗೇ.

ಆದರೆ ಇದೇ ಹಲಗೆಯನ್ನು ಊರವರ ಹೆಣದ ಮುಂದೆ, ಜಾತ್ರೆಯ ಮುಂದೆ ಬಿಟ್ಟಿಯಾಗಿ ಬಡಿಸಿಕೊಂಡದ್ದೂ ಉಂಟು. ಹಾಗೆ ಬಡಿಯಬೇಡಿ ಎಂದದ್ದೂ ಚಳವಳಿಯೇ. ದೊಡ್ಡಪ್ಪ ಊರಲ್ಲಿ ಬಡಿಯುವುದನ್ನು ಬಿಟ್ಟ. ಸುಗ್ಗಿಯಲ್ಲಿ ಕಣದಿಂದ ಬರುತ್ತಿದ್ದ ಕಾಳು ನಿಂತಿತು. ಹಾಡಿಗೆ ಮಾತ್ರ ಬಿಡಲಿಲ್ಲ. ‘ಅವ್ರು ಕರೆದಾಗ ಬಡಿಯೋದು ಬೇರೆ, ನಾವಾಗಿ ಬಡಿಯೋದು ಬೇರೆ ಕಣಪ್ಪ’ ಅನ್ನುತ್ತಾನೆ. ಅದೇ ಚರ್ಮ, ಅದೇ ಕೈ. ಬಡಿಸುವವರು ಯಾರು ಎಂಬುದರ ಮೇಲೆ ಅರ್ಥ ಬದಲಾಗುತ್ತದೆ. ವಿಮರ್ಶೆ ಇಲ್ಲಿಂದ ಶುರುವಾಗಬೇಕಿತ್ತು.

ತಂಡಕ್ಕೆ ಹೆಸರು ಬಂದಂತೆ ಮೈಕು ಬಂತು, ಹಾರ್ಮೋನಿಯಂ ಬಂತು. ಹಲಗೆ ಸದ್ದು ಜಾಸ್ತಿಯಾಯಿತು ಎಂದರು. ಕ್ಯಾಸೆಟ್ ಮಾಡುವ ಹೊತ್ತಿಗೆ ದೊಡ್ಡಪ್ಪ ಅದರಲ್ಲಿರಲಿಲ್ಲ. ಈಗಲೂ ಆ ಹಾಡು ಕಿವಿಗೆ ಬಿದ್ದರೆ ಸಾಲು ಮುಗಿದ ಕಡೆ ಮಂಡಿ ಮೇಲೆ ಬೆರಳು ಬಡಿಯುತ್ತಾನೆ: ‘ಇಲ್ಲಿ ಮೂರೇಟು ಇತ್ತು. ತೆಗೆದವ್ರೆ.’

2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ವಾದ್ಯಕ್ಕೆ ಕಲೆಯ ಮಾನ ಸಿಕ್ಕಿತು, ಸಂತೋಷ. ಅಷ್ಟಕ್ಕೇ ವಿಮರ್ಶೆಯ ಸಾಲ ತೀರುವುದಿಲ್ಲ. ಕ್ಲಾಸಿನಲ್ಲಿ ಆ ಪದ್ಯಗಳನ್ನು ಪಾಠ ಮಾಡುವಾಗ ನಾನೂ ಪ್ರತಿಮೆ, ಲಯ ಎಂದೇ ಹೇಳುತ್ತಿದ್ದೆ. ಆ ಲಯ ಯಾರ ಕೈಯಿಂದ ಬಂತು ಎಂದು ಕೇಳಿಕೊಂಡಿರಲಿಲ್ಲ. ಪದ್ಯ ಕವಿಯದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಕೇರಿ ಅದನ್ನು ಕೇಳಿಸಿಕೊಂಡ ರೀತಿಯಲ್ಲಿ ಆ ಮೂರೇಟೂ ಸೇರಿವೆ. ಬಡಿದವರಲ್ಲಿ ಕೆಲವರು ಇನ್ನೂ ಇದ್ದಾರೆ. ಅವರನ್ನು ಕೂರಿಸಿಕೊಂಡು ಕೇಳಿ ಬರೆದಿಡುವುದು ಈಗ ಆಗಬೇಕಾದ ಕೆಲಸ.