ಪೊಟ್ಟಣದ ಮೇಲಿನ “ಇಲ್ಲ” ಎಂಬ ಮಾತು

ಇತ್ತಿತ್ತಲಾಗಿ ಬೈಲಹೊಂಗಲದ ಪೇಟೆಯಲ್ಲಿಯೇ ಆಗಲಿ, ರಾಮದುರ್ಗದ ಸಂತೆಯಲ್ಲಿಯೇ ಆಗಲಿ, ತೂಗಿ ಕೊಡುವ ಪದಾರ್ಥಗಳು ಕಡಿಮೆಯಾಗಿ ಅಚ್ಚು ಹಾಕಿದ ಪೊಟ್ಟಣಗಳು ಹೆಚ್ಚಿರುವವು. ಒಳಗೆ ಏನಿದೆಯೆಂಬುದಕ್ಕಿಂತ ಏನಿಲ್ಲವೆಂಬುದನ್ನೇ ಅವು ದಪ್ಪಕ್ಷರದಲ್ಲಿ ಸಾರುತ್ತಿರುವದು ಸೋಜಿಗವಾಗಿದೆ.

ಮೀಮಾಂಸಕರು ವಿಧಿ ಬೇರೆ, ಅರ್ಥವಾದ ಬೇರೆ ಎನ್ನುವರು, ಅರ್ಥವಾದವೆಂದರೆ ಹೊಗಳಿಕೆ. ಒಂದು ವಸ್ತುವು ಬರುವ ಸಂಭವವಿದ್ದಲ್ಲಿಯೇ ಅದರ ನಿಷೇಧಕ್ಕೆ ಅರ್ಥವುಂಟೆಂಬುದೂ ಅವರ ಮತ. ಈ ಒರೆಗಲ್ಲಿಗೆ ಎಣ್ಣೆಯ ಡಬ್ಬಿಯನ್ನು ತಿಕ್ಕಿ ನೋಡಿರಿ. “ಕೊಲೆಸ್ಟೆರಾಲ್ ಇಲ್ಲ” ಎಂದು ಬರೆದಿರುವರು. ಕೊಲೆಸ್ಟೆರಾಲ್ ಪ್ರಾಣಿಜನ್ಯವಾದ ಜಿಡ್ಡು. ನಮ್ಮ ಕುಸುಬಿ, ಶೇಂಗಾ ಎಣ್ಣೆಗಳಲ್ಲಿ ಅದು ಲೆಕ್ಕಕ್ಕೆ ಬರುವಷ್ಟು ಎಂದೂ ಇರುವದಿಲ್ಲ. ಮಾತು ಸುಳ್ಳಲ್ಲ, ಆದರೆ ಎಮ್ಮೆಗೆ ರೆಕ್ಕೆಯಿಲ್ಲವೆಂದು ಹೇಳಿ ಹೆಚ್ಚು ಬೆಲೆ ಕೇಳಿದಂತಾಯಿತು. ಎಣ್ಣೆಯು ಎಣ್ಣೆಯೇ, 100 ಗ್ರಾಮಿಗೆ ಸುಮಾರು 900 ಕ್ಯಾಲರಿ.

ಸಕ್ಕರೆಯ ವಿಷಯದಲ್ಲಿ ಮಾತ್ರ ನಗುವಂತಿಲ್ಲ. ಮಧುಮೇಹವುಳ್ಳ ಹಿರಿಯರು ಈಗ ಅನೇಕ ಮನೆಗಳಲ್ಲಿರುವರು. 2018ರ ನಿಯಮದಂತೆ “ಸಕ್ಕರೆ ರಹಿತ” ಎನ್ನಬೇಕಾದರೆ 100 ಗ್ರಾಮಿನಲ್ಲಿ ಸಕ್ಕರೆಯು 0.5 ಗ್ರಾಮನ್ನು ಮೀರಬಾರದು. “ಸಕ್ಕರೆ ಸೇರಿಸಿಲ್ಲ” ಎಂಬುದು ಬೇರೆ ಮಾತು. ಹಣ್ಣಿನ ರಸದಲ್ಲಿ ಹುಟ್ಟಿನಿಂದ ಬಂದ ಸಕ್ಕರೆಯು ಇದ್ದೇ ಇರುವದು. “ಸಕ್ಕರೆಯಿಲ್ಲ, ಶುದ್ಧ ಬೆಲ್ಲದ್ದು” ಎಂಬುದು ಮೂರನೆಯದು. ಸವದತ್ತಿಯ ಯಲ್ಲಮ್ಮನ ಗುಡ್ಡದಿಂದ ಬರುವಾಗ ಯಾರೋ ತಂದ ಕರದಂಟಿನ ಮೇಲೆ ಇದನ್ನೋದಿ, ಮಧುಮೇಹಿಯಾದ ಅಜ್ಜನು ನಿಶ್ಚಿಂತನಾಗಿ ಎರಡು ತುಂಡು ಹೆಚ್ಚಿಗೆ ತಿನ್ನುವದುಂಟು. ಬೆಲ್ಲವೂ ಕಬ್ಬಿನದೇ, ಅದರ ಬಹುಭಾಗವು ಸಕ್ಕರೆಯೇ. ರಕ್ತಕ್ಕೆ ಬಣ್ಣದ ಭೇದ ತಿಳಿಯದು. “ಸಕ್ಕರೆ ರಹಿತ” ಬಿಸ್ಕೀಟಿನ ಮೈದಾ ಕೂಡ ಹೊಟ್ಟೆಯಲ್ಲಿ ಗ್ಲೂಕೋಸೇ ಆಗುವದು.

ಅರ್ಥವಾದವು ಮುಂಭಾಗದಲ್ಲಿ, ವಿಧಿಯು ಹಿಂಭಾಗದಲ್ಲಿ. ಪೊಟ್ಟಣವನ್ನು ತಿರುವಿರಿ. ಘಟಕಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂದು ಕಾಯದೆಯಿದೆ. ಮುಂದೆ ಗೋದಿಯ ತೆನೆಯ ಚಿತ್ರವಿದ್ದು, ಹಿಂದಿನ ಪಟ್ಟಿಯಲ್ಲಿ ಮೈದಾ ಮೊದಲಿದ್ದರೆ ಅದು ಮೈದಾದ ಬಿಸ್ಕೀಟೇ ಸರಿ. 2024ರ ಜೂನ್ ತಿಂಗಳಲ್ಲಿ ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರವು, ಗಟ್ಟಿ ರಸಕ್ಕೆ ನೀರು ಕೂಡಿಸಿ ಮಾಡಿದ ಪಾನೀಯಗಳ ಮೇಲಿನ “ಶೇಕಡಾ 100 ಹಣ್ಣಿನ ರಸ” ಎಂಬ ಮಾತನ್ನು ಅಳಿಸಲು ಆಜ್ಞಾಪಿಸಿತು.

ಅಡಚಣೆಯೆಂದರೆ, ಈ ಪಟ್ಟಿಯು ಇಂಗ್ಲಿಷಿನಲ್ಲಾಗಲಿ ಹಿಂದಿಯಲ್ಲಾಗಲಿ ಇದ್ದರೆ ಸಾಕೆಂದು ಕೇಂದ್ರದ ನಿಯಮ, ಕನ್ನಡವು ಐಚ್ಛಿಕ. ಕನ್ನಡವನ್ನು ಸುಲಲಿತವಾಗಿ ಓದಬಲ್ಲ ಕಿತ್ತೂರಿನ ಗೃಹಿಣಿಯು ತನ್ನ ಮನೆಯ ಅನ್ನದ ವಿಷಯದಲ್ಲಿ ಅನಕ್ಷರಸ್ಥಳಾಗುವದು ನನಗಂತೂ ನ್ಯಾಯವೆನಿಸದು. ಸದ್ಯಕ್ಕೆ ಕಾಲೇಜಿಗೆ ಹೋಗುವ ಮಕ್ಕಳಿಂದ ಓದಿಸಿಕೊಳ್ಳಿರಿ. ಓದುವಾಗ ಅಮರಕೋಶದಲ್ಲಿಲ್ಲದ ಕೆಲವು ಪರ್ಯಾಯಪದಗಳು ಬರುವವು: ಡೆಕ್ಸ್‌ಟ್ರೋಸ್ ಎಂದರೆ ಗ್ಲೂಕೋಸು, ಇನ್ವರ್ಟ್ ಸಿರಪ್ ಎಂದರೆ ಸಕ್ಕರೆಯ ಪಾಕ, ಮಾಲ್ಟೋಡೆಕ್ಸ್‌ಟ್ರಿನ್ ಎಂಬುದು ಬೇಗನೆ ಗ್ಲೂಕೋಸಾಗಿ ಕರಗುವ ಪಿಷ್ಟ.